ಎಡೆಯ ಮುಂದಿನ ಚೊಂಬು ನೀರು

ಚಿಕ್ಕತಾಯಕ್ಕ, ನಿನ್ನ ಗಂಡ ಮಹದೇವ ಸತ್ತದ್ದನ್ನು ನಾನು ನೋಡಿಲ್ಲ. ಕಣ್ಣಾರೆ ಕಂಡೆ ಎಂದದ್ದು ಸುಳ್ಳು. ಸಾಯುವಾಗ ನೀರು ಕೇಳಿದ, ನಾನೇ ಕುಡಿಸಿದೆ ಎಂದೆನಲ್ಲ — ಅದೂ ಸುಳ್ಳು.

ನಾನು ಕಂಡದ್ದು ಇಷ್ಟೇ. ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ತುಕಡಿ ಹಿಂದೆ ಸರಿಯುವಾಗ ಅವನ ತೊಡೆಗೆ ಗುಂಡು ತಾಗಿತು. ಗೋಧಿ ಹೊಲದಲ್ಲಿ ಕುಸಿದ. ಕಾಲುವೆ ಏರಿಯ ಮರೆಯಿಂದ ತಿರುಗಿ ನೋಡಿದೆ. ಇಬ್ಬರು ಶತ್ರು ಸೈನಿಕರು ಅವನನ್ನು ಎತ್ತಿ ನಿಲ್ಲಿಸಿದರು. ಅವರ ನಡುವೆ ಕುಂಟುತ್ತ ನಡೆದುಹೋದ. ನಡೆದುಹೋದ, ಅಕ್ಕ — ಜೀವಂತ.

ನಾನು ರಜೆಗೆ ಬಂದಾಗ ಸೇನೆಯ ಕಾಗದದಲ್ಲಿ ಅವನು ‘ಕಾಣೆ’ ಎಂದಷ್ಟೇ ಇತ್ತು. ನೀನು ತಾಳಿ ತೆಗೆದಿರಲಿಲ್ಲ. ಚುನಾವಣೆ ಹತ್ತಿರವಿತ್ತು. ಮುಖಂಡರೊಬ್ಬರು ನನ್ನನ್ನು ನಂಜನಗೂಡಿನ ತಮ್ಮ ಮನೆಗೆ ಕರೆಸಿದರು. ನಡೆದದ್ದನ್ನೇ ಹೇಳಿದೆ. ಅವರು ಎಲೆಅಡಿಕೆ ಅಗಿಯುತ್ತ ನಕ್ಕರು.

“ಲೇ, ಕಾಣೆಯಾದೋನ್ಗೆ ಊರ ಮುಂದೆ ಕಲ್ಲು ನಿಲ್ಸಕ್ಕಾಯ್ತದೇನ್ಲಾ? ಸತ್ತದ್ದ ಕಂಡೆ ಅಂತ ಬರ್ಕೊಡು. ಆ ಎಣ್ಮಗಳ್ಗೂ ಪಿಂಚಣಿ ಬತ್ತದೆ, ನಿಂಗೂ ಒಂದು ದಾರಿ ಮಾಡ್ತೀನಿ.”

ಬರೆದುಕೊಟ್ಟೆ. ಎಸ್ಸೆಸ್ಸೆಲ್ಸಿ ಓದಿದವನು, ಅಕ್ಷರ ದುಂಡಗಿತ್ತು.

ಹೆಮ್ಮರಗಾಲದಲ್ಲಿ, ನಿನ್ನ ಊರ ಮುಂದೆ, ಅವನ ಹೆಸರಿನ ಕಲ್ಲು ನಿಂತಿತು. ಮುಖಂಡರು ಭಾಷಣದಲ್ಲಿ ಅತ್ತರು. ಅದೇ ದಿನ ಊರ ಹೆಂಗಸರು ನಿನ್ನ ಬಳೆ ಒಡೆದರು. ನೀರು ಕುಡಿಸಿದ ಮಾತನ್ನು ನಾನು ಹೇಳಿದ್ದು ಆಗ — ನಿನ್ನ ಅಳು ನಿಲ್ಲಲಿ ಎಂದು. ಮುಖಂಡರು ಚುನಾವಣೆ ಗೆದ್ದರು. ಸೇನೆ ಬಿಟ್ಟ ಮೇಲೆ ನನಗೆ ತಿ. ನರಸೀಪುರದ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸವಾಯಿತು.

ಅದಕ್ಕೂ ಮುಂಚೆ ಸೆರೆಯಾಳುಗಳ ಬಿಡುಗಡೆ ನಡೆದಿತ್ತು. ನಮ್ಮ ದೊಡ್ಡವರು ಆ ಕಡೆಯ ಸಾವಿರಾರು ಜನರನ್ನು ರೈಲು ರೈಲೇ ತುಂಬಿಸಿ ಕಳಿಸಿದರು. ನಮ್ಮವರು ಕೆಲವರು ಬರಲೇ ಇಲ್ಲ. ಮತ್ತೆ ಮುಖಂಡರ ಬಳಿ ಓಡಿದೆ.

“ಸಾ, ಮಾದೇವನ ಎಸ್ರು ಸೆರೆಯಾದೋರ ಪಟ್ಟೀಲಿ ಸೇರ್ಸಿ, ಆ ಕಡೆಯೋರ್ನ ಕೇಳ್ಸಿ ಸಾ.”

“ನೀನೇ ಸಾಯ್ಸಿ ಬರ್ಕೊಟ್ಟು, ಈಗ ನನ್ನ ಕೇಳ್ತೀಯಲ್ಲೋ? ಕಲ್ಲು ನಿಂತಾಯ್ತು, ಓಗು.”

ಬಂದುಬಿಟ್ಟೆ. ಅಂದಿನಿಂದ ಅವರನ್ನು ನಂಬಲಿಲ್ಲ, ಆಮೇಲೆ ಬಂದವರನ್ನೂ. ಬಾವುಟ ಬದಲಾದವು, ಅದೇ ಕಲ್ಲಿಗೆ ಹಾರ ಬಿತ್ತು. ನಂಬದಿದ್ದರೂ — ಕರೆದಾಗಲೆಲ್ಲ ಪದಕ ಚುಚ್ಚಿಕೊಂಡು ಅವರ ಪಕ್ಕ ನಿಂತೆ. ಅವರನ್ನು ಬಯ್ಯುವುದು ಸುಲಭ. ಕಾಗದದ ಮೇಲಿನ ಅಕ್ಷರ ನನ್ನದು.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನೀನು ಅವನಿಗೆ ಎಡೆ ಇಡುತ್ತೀಯ. ಮುದ್ದೆ, ಬಾಡಿನ ಸಾರು, ಹೊಸ ಪಂಚೆ, ಒಂದು ಕಟ್ಟು ಬೀಡಿ. ಎಲ್ಲಕ್ಕಿಂತ ಮೊದಲು ಒಂದು ಚೊಂಬು ನೀರು. “ನೀರು ನೀರು ಅಂತಲೇ ಜೀವ ಬಿಟ್ರು, ಮೊದ್ಲು ಕುಡ್ಕಳ್ಳಿ” ಎನ್ನುತ್ತೀಯ. ಆಮೇಲೆ ನನ್ನ ಕಡೆ ತಿರುಗಿ, “ಉಣ್ಣಪ್ಪ, ಕೊನೇ ಗುಟುಕು ಬಿಟ್ಟ ಕೈ ನಿಂದು.”

ಐವತ್ತು ವರ್ಷ ಉಂಡಿದ್ದೇನೆ. ಅದರಲ್ಲಿ ಎಷ್ಟು ವರ್ಷ ಅವನು ಯಾವುದೋ ಜೈಲಿನಲ್ಲಿ, ಯಾರಾದರೂ ತನ್ನ ಹೆಸರು ಕೇಳಿಯಾರೆಂದು —

ನಿನಗೆ ಓದು ಬಾರದು. ಬಾಯಲ್ಲಿ ಹೇಳಹೊರಟರೆ ನಿನ್ನ ಮುಖ ನೋಡಿ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಬರೆದಿದ್ದೇನೆ. ಈ ಸಲ ಅಮಾವಾಸ್ಯೆಯ ದಿನ ಮೊದಲ ಬಸ್ಸಿಗೇ ಬರುತ್ತೇನೆ. ನೀನು ಚೊಂಬು ತುಂಬುವ ಮುಂಚೆ ಇದನ್ನು ನಿನ್ನೆದುರು ಓದುತ್ತೇನೆ.

ಊಟಕ್ಕೆ ಕೂರುವುದಿಲ್ಲ.