ಸದಾಶಿವಯ್ಯನವರ ನೋಟ್‌ಬುಕ್ಕಿಗೆ ಸಾಕ್ಷಿ

ಬೆಳಿಗ್ಗೆ ಡಿಕಾಕ್ಷನ್ನಿಗೆ ಹಾಲು ಬೆರೆಸುವ ಮುನ್ನ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಚಾಳಿ ನನಗಿದೆ. "ಜ್ಯೋತಿಷ್ಯ ಹೇಳೋದು ಮುಗೀತಾ? ಆರಿಹೋಗ್ತಿದೆ" ಎಂದು ನನ್ನವಳು ರೇಗುತ್ತಾಳೆ. ಚಾಳಿ ನನ್ನದಲ್ಲ, ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸದಾಶಿವಯ್ಯನವರದು.

ಅವರು ಎಂಜಿನಿಯರು. ನಿವೃತ್ತರಾಗಿ ನಮ್ಮ ಚಿಕ್ಕಲಸಂದ್ರಕ್ಕೆ ಬಂದಾಗ ಜೊತೆಗೆ ಬಂದದ್ದು ಒಂದು ಮಂಚ ಮತ್ತು ರಾಶಿ ಪೆಟ್ಟಿಗೆಗಳು. ಮದುವೆಯಾಗಿರಲಿಲ್ಲ. ಹೆಸರಿನಲ್ಲಿ ಎರಡು ಪೇಟೆಂಟುಗಳಿದ್ದವು. ಒಂದು, ದ್ರವದೊಳಗೆ ಬೆಳಕು ಹಾಯಿಸಿ ಅದರಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಯಂತ್ರದ್ದು. ನಮ್ಮ ಮನೆಯ ಹಾಲು, ನನ್ನ ಸ್ಕೂಟರಿನ ಎಣ್ಣೆ, ಒಮ್ಮೆ ನನ್ನವಳು ಮಾಡಿದ ಸಾರಿನ ತಿಳಿ ಕೂಡ ಪರೀಕ್ಷೆಗೆ ಹೋಗಿತ್ತು. "ಉಪ್ಪು ಜಾಸ್ತಿ ಅಂತ ಬಂತಾ ಸಾರ್?" ಎಂದರೆ, "ಅದಕ್ಕೆ ಮಿಷನ್ ಯಾಕೆ ಬೇಕು ಮೇಷ್ಟ್ರೇ?" ಎಂದಿದ್ದರು.

ಇನ್ನೊಂದು ವಾಯುನೌಕೆಯದು, ಅಂದರೆ ಅನಿಲ ತುಂಬಿಕೊಂಡು ಹಾರುವ ಭಾರಿ ಬಲೂನಿನದು. ಅದನ್ನು ನೆಲಕ್ಕಿಳಿಸಲು ಹತ್ತಾರು ಜನ ಹಗ್ಗ ಹಿಡಿದು ಜಗ್ಗಬೇಕಂತೆ. ಸದಾಶಿವಯ್ಯ ಒಂದು ಗಾಡಿಗೆ, ಗಾಳಿ ಬೀಸಿದತ್ತ ಬಾಗುತ್ತ ಬಲೂನಿನ ಮೂತಿಯನ್ನು ಹಿಡಿದುಕೊಳ್ಳುವ ಕಬ್ಬಿಣದ ಕೈ ಜೋಡಿಸಿದ್ದರು. "ಇನ್ಮೇಲೆ ಒಬ್ಬ ಸಾಕು. ಯಾರನ್ನೂ ಕರೆಯೋದೇ ಬೇಡ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಪೇಟೆಂಟು ಬಂದ ಮೇಲೂ ಅವರ ತಿದ್ದುವಿಕೆ ನಿಂತಿರಲಿಲ್ಲ. ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ದಿನದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪುಟದ ಕೆಳಗೆ 'ಓದಿ ಅರ್ಥ ಮಾಡಿಕೊಂಡಿದ್ದೇನೆ' ಎಂದು ಹೊರಗಿನವರೊಬ್ಬರಿಂದ ಸಹಿ ಹಾಕಿಸಬೇಕು. ನಾಳೆ ಯಾರಾದರೂ ಇದು ನಮ್ಮ ಕೆಲಸ ಎಂದರೆ ಸಾಕ್ಷಿ ಬೇಕಲ್ಲ! ಆ ಸಾಕ್ಷಿ ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಿಗೆ ಅವರ ಇಂಗ್ಲಿಷು, ಗಣಿತ ಎಲ್ಲಿ ಹತ್ತಬೇಕು? ಸಂಜೆ ಆರಕ್ಕೆ ಅವರು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಟಿವಿಯ ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ ಗೀಚುತ್ತಿದ್ದೆ. ಪ್ರೋಗ್ರೆಸ್ ಕಾರ್ಡನ್ನು ಓದದೆ ಸಹಿ ಮಾಡಿದ ಅಪ್ಪಂದಿರಿಗೆ ಭಾಷಣ ಬಿಗಿದವನೂ ನಾನೇ ಎಂಬುದು ಬೇರೆ ಮಾತು.

"ಒಂದ್ಸಲ ಓದ್ಬಿಡಿ ಮೇಷ್ಟ್ರೇ" ಎನ್ನುತ್ತಿದ್ದರು.

"ನಿಮ್ಮೇಲೆ ನಂಬಿಕೆ ಇದೆ ಸಾರ್" ಎಂದು ಪೆನ್ನು ವಾಪಸು ಕೊಡುತ್ತಿದ್ದೆ. ಅದನ್ನು ಸೌಜನ್ಯವೆಂದೇ ತಿಳಿದಿದ್ದೆ.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ತಂಗಿಯ ಮಗಳು ಹೋದ ವಾರ ನೋಟ್‌ಬುಕ್ಕುಗಳ ಕಟ್ಟು ತಂದು ಕೊಟ್ಟಳು. "ಅಂಕಲ್, ಎಲ್ಲಾ ಪೇಜಲ್ಲೂ ನಿಮ್ ಸೈನ್ ಇದೆ. ಮಾವನ್ನ ಅರ್ಥ ಮಾಡ್ಕೊಂಡೋರು ನೀವೊಬ್ರೇ ಅನ್ಸುತ್ತೆ" ಎಂದಳು. ನನಗೆ ನಾಚಿಕೆಯಾಯಿತು.

ಅವಳು ಹೋದ ಮೇಲೆ ಪುಟ ತಿರುವಿದೆ. ಒಂದು ಕಡೆ, ಹಗ್ಗ ರಾಟೆಗಳ ಚಿತ್ರದ ಕೆಳಗೆ ಕನ್ನಡ ಕಂಡಿತು. 'ಮೇಷ್ಟ್ರೇ, ನಾಳೆ ಕಣ್ಣಿನ ಆಪರೇಷನ್. ಜೊತೆಗೊಬ್ಬರು ಇರಬೇಕಂತೆ. ಬಾಯಿಬಿಟ್ಟು ಕೇಳಲು ಸಂಕೋಚ. ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಕಾಯುತ್ತೇನೆ.' ಅದರ ಕೆಳಗೆ ನನ್ನ ಸಹಿ. ಅಷ್ಟೂ ನೋಟ್‌ಬುಕ್ಕುಗಳಲ್ಲಿ ಕನ್ನಡವಿದ್ದದ್ದು ಅಲ್ಲೊಂದೇ ಕಡೆ. ಕನ್ನಡ ಮೇಷ್ಟ್ರಿಗೆ ಅದೂ ಕಾಣಲಿಲ್ಲ.

ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಇಸ್ತ್ರಿ ಶರ್ಟು ಹಾಕಿಕೊಂಡು, ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಗಿಡಕ್ಕೆ ನೀರು ಹಾಕುತ್ತಿದ್ದ ನಾನು, "ಏನ್ ಸಾರ್, ಪ್ರಯಾಣಾನಾ?" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಇಲ್ಲೇ, ಸ್ವಲ್ಪ ಕೆಲ್ಸ" ಎಂದು ಆಟೊ ಹತ್ತಿದರು. ಸಂಜೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರೆಂದು ನನ್ನವಳು ಬಂದು ಹೇಳಿದಳು. "ನಮಗೊಂದು ಮಾತು ಹೇಳಬಾರದಿತ್ತಾ?" ಎಂದು ನಾನು ಅವರ ಮೇಲೆಯೇ ಬೇಸರ ಮಾಡಿಕೊಂಡೆ.

ಓದಿಯೂ ನಾನು ಹೋಗಲಿಲ್ಲ ಎಂದೇ ಅವರು ತಿಳಿದಿರಬೇಕು. ಅದಕ್ಕೆ ನನ್ನ ಕೈಬರಹದ ಪುರಾವೆಯೂ ಇತ್ತು. ಆದರೂ ವಾರ ಕಳೆದ ಮೇಲೆ ಮತ್ತೆ ಬಂದರು. ಆಮೇಲೆ ಎರಡು ವರ್ಷ ಬರುತ್ತಲೇ ಇದ್ದರು. ಓದಿ ಎಂದು ಮಾತ್ರ ಮತ್ತೆ ಹೇಳಲಿಲ್ಲ.

ಈಗ ನಿಘಂಟು ಇಟ್ಟುಕೊಂಡು ಮೊದಲ ಪುಟದಿಂದ ಓದುತ್ತಿದ್ದೇನೆ. ದಿನಕ್ಕೊಂದು ಪುಟ ಸಾಗಿದರೆ ಹೆಚ್ಚು. ನಾಲ್ಕನೆಯ ಪುಟದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿ ಹೇಳಬಲ್ಲವರು ಆರು ವರ್ಷ ನನ್ನ ಪಕ್ಕದಲ್ಲೇ, ನಾನು ಕೇಳಲಿ ಎಂದು ಕೂತಿದ್ದರು.