ಅಂಕಿಯಿಲ್ಲದ ಎಲೆ

ನನ್ನ ಫೋನಿಗೆ ಇಂಗಿನ ವಾಸನೆ ಇದೆಯಂತೆ. ‘ಅಂತೆ’ ಎನ್ನುವುದೇಕೆಂದರೆ, ಅದು ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಬರುತ್ತದೆ. ಬಾಳಗಡಿಯ ಮೊಬೈಲ್ ಅಂಗಡಿಯ ಹುಡುಗಿ ಅದರ ಕವರು ಬಿಚ್ಚಿದವಳೇ ಮುಖ ಪಕ್ಕಕ್ಕೆ ತಿರುಗಿಸಿದಳು. ಮನೆಯಲ್ಲಿ ನನ್ನವಳು ಅದನ್ನು ಪುಸ್ತಕದ ಗೂಡಿನಲ್ಲಿಡಲು ಬಿಡದೆ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಜಾಗ ಕೊಟ್ಟಿದ್ದಾಳೆ. ಮೂವತ್ತು ವರ್ಷದಿಂದ ಮದುವೆ ಮುಂಜಿಗಳ ಅಡುಗೆ ಮಾಡುತ್ತ ಬಂದವನ ಫೋನು ಮಲ್ಲಿಗೆಯ ಪರಿಮಳ ಬೀರಬೇಕೆಂದರೆ ಹೇಗೆ? ಬೇಳೆ ಬೇಯುವ ಬಿಡುವಿನಲ್ಲಿ ಇಂಗು ಮೆತ್ತಿದ ಅದೇ ಬೆರಳುಗಳಲ್ಲಿ ನಾನು ಎಲೆ ಆಡುತ್ತೇನೆ.

ಆನ್‌ಲೈನಿನಲ್ಲಿ ಎಲೆ ಎಂದೊಡನೆ ಹುಬ್ಬೇರಿಸಬೇಡಿ. ದುಡ್ಡು ಕಟ್ಟುವ ಆಟವಲ್ಲ ಇದು, ಬುದ್ಧಿ ಕಟ್ಟುವ ಆಟ. ಕ್ರಮ ಸರಳವಾಗಿದೆ. ಮೂರು ಸುತ್ತಿಗೂ ಸೇರಿ ಇಬ್ಬರಿಗೂ ಹತ್ತು ಹತ್ತು ಎಲೆ, ಪ್ರತಿ ಎಲೆಯ ಮೂಲೆಯಲ್ಲಿ ಒಂದು ಅಂಕಿ. ಸರದಿಯಂತೆ ಒಂದೊಂದನ್ನೇ ನಮ್ಮ ನಮ್ಮ ಸಾಲಿಗೆ ಇಳಿಸುತ್ತ ಹೋಗಬೇಕು. ಸಾಕೆನಿಸಿದಾಗ ನಿಲ್ಲಿಸಬಹುದು; ಇಬ್ಬರೂ ನಿಲ್ಲಿಸಿದಾಗ ಯಾರ ಸಾಲಿನ ಮೊತ್ತ ಹೆಚ್ಚೋ ಆ ಸುತ್ತು ಅವರದು. ಸುತ್ತು ಮುಗಿದರೆ ಸಾಲು ಖಾಲಿ. ಮೂರರಲ್ಲಿ ಎರಡು ಸುತ್ತು ಗೆದ್ದವರು ಆಟ ಗೆದ್ದಂತೆ. ಇಷ್ಟೇ ಆಗಿದ್ದರೆ ನಾನು ಅದರ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಕೈಯಲ್ಲಿರುವ ಎಲೆಗಳಿಂದ ಬೇರೆಯಾಗಿ, ಪರದೆಯ ಅಂಚಿನಲ್ಲಿ, ಒಬ್ಬ ನಾಯಕ ಸುಮ್ಮನೆ ಕೂತಿರುತ್ತಾನೆ. ಅವನ ಮೂಲೆಯಲ್ಲಿ ಅಂಕಿಯೇ ಇಲ್ಲ. ಇಡೀ ಆಟದಲ್ಲಿ ಒಂದೇ ಒಂದು ಸಲ ಅವನನ್ನು ಕರೆಯಬಹುದು. ಕರೆದ ಗಳಿಗೆಯಲ್ಲಿ ಸಾಲಿನಲ್ಲಿ ಎಷ್ಟು ಎಲೆಗಳಿವೆಯೋ ಅಷ್ಟಕ್ಕೂ ಅಂಕಿ ಏರುತ್ತದೆ. ತನಗಾಗಿ ಏನನ್ನೂ ತರದೆ ಉಳಿದವರನ್ನು ಎತ್ತುವವನು ಅವನು.

ಅವನನ್ನು ಯಾವಾಗ ಕರೆಯಬೇಕು ಎನ್ನುವುದರಲ್ಲೇ ಆಟದ ಮರ್ಮವೆಲ್ಲ ಇದೆ. ಹೊಸಬರು ಎರಡು ಎಲೆ ಇಳಿದಿರುವಾಗಲೇ ಕರೆದು ಕೈ ಸುಟ್ಟುಕೊಳ್ಳುತ್ತಾರೆ. ಹಳಬರ ತಪ್ಪು ಬೇರೆ: ಇನ್ನೂ ದೊಡ್ಡ ಕಷ್ಟ ಬಂದೀತು, ಆಗ ಇರಲಿ ಎಂದು ಕಾದಿಟ್ಟು, ಕೊನೆಯ ಸುತ್ತಿನಲ್ಲಿ ಸಾಲಿನ ಮೇಲೆ ಒಂದೇ ಎಲೆ ಉಳಿದಿರುವಾಗ ಕರೆಯುತ್ತಾರೆ, ಅವನು ಬರುತ್ತಾನೆ, ಪಾಪ, ಒಂದನ್ನೇ ಎತ್ತುತ್ತಾನೆ. ನಾನು ಅಪ್ಪಟ ಹಳಬ. ಹಾಗಿದ್ದೂ ಸೋತದ್ದು ಕಡಿಮೆ ಎಂದು ಇಲ್ಲಿ ಬರೆದುಬಿಡುವ ಆಸೆಯಿತ್ತು, ಆದರೆ ರಫೀಕ್ ಸಾಹೇಬರಿಗೆ ಕನ್ನಡ ಓದಲು ಬರುತ್ತದೆ.

ರಫೀಕ್ ಸಾಹೇಬರು ಕೊಪ್ಪದಲ್ಲಿ ಶಾಮಿಯಾನ ಮತ್ತು ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವವರು. ಈ ಆಟ ಕಲಿಸಿದವರೂ, ಕಲಿಸಿದ ಮೇಲೆ ನಿತ್ಯ ಸೋಲಿಸುತ್ತಿರುವವರೂ ಅವರೇ. ಕೊಪ್ಪರಿಗೆ ಇಳಿಸಿಕೊಟ್ಟ ಮೇಲೂ ಅವರು ಹೊರಡುವುದಿಲ್ಲ. ಒಂದೇ ಅಂಗಳದಲ್ಲಿ ಎದುರುಬದುರು ಕೂತು, ಜಗತ್ತಿನ ಎರಡು ತುದಿಗಳಲ್ಲಿರುವವರ ಹಾಗೆ ನಾವು ಫೋನಿನೊಳಗೆ ಕಾದಾಡುತ್ತೇವೆ.

ಇನ್ನು ಗಣಪಣ್ಣನ ವಿಷಯ ಹೇಳಬೇಕು. ನನ್ನಪ್ಪನ ಕಾಲದಿಂದ ನಮ್ಮ ಅಡುಗೆ ತಂಡದಲ್ಲಿರುವವನು ಅವನು, ಎಪ್ಪತ್ತು ದಾಟಿದೆ. ಐವತ್ತು ಮುಟ್ಟಿದ ನನ್ನನ್ನು ಇಂದಿಗೂ ‘ಮಾಣಿ’ ಎನ್ನುವುದು ಅವನೊಬ್ಬನೇ. ಅವನು ಲಟ್ಟಿಸಿದ ಕಾಯಿ ಹೋಳಿಗೆಯ ಅಡಿಯಿಂದ ಬಾಳೆಲೆಯ ಹಸಿರು ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಅವನ ಬಲಭುಜ ಹಿಡಿದುಕೊಂಡಿತು. ಆಗ ನಾನೊಂದು ತೀರ್ಮಾನ ಮಾಡಿದೆ: ಗಣಪಣ್ಣ ಇನ್ನು ತರಕಾರಿಗೆ, ಸೌಟಿಗೆ ಕೈ ಹಾಕಕೂಡದು, ಬೆಳಗಿನಿಂದ ಮೂಲೆಯಲ್ಲಿ ವಿಶ್ರಾಂತಿಯಾಗಿ ಕೂತಿದ್ದು, ಎಲ್ಲ ಮುಗಿದ ಮೇಲೆ ಹೋಳಿಗೆಗೆ ಮಾತ್ರ ಏಳಬೇಕು. ಇದನ್ನು ನಾನು ಗೌರವವೆಂದೇ ಬಗೆದಿದ್ದೆ. ಪ್ರತಿ ಸಮಾರಂಭಕ್ಕೂ ಯಾರಿಗೆ ಯಾವ ಕೆಲಸವೆಂದು ಚೀಟಿ ಬರೆಯುವಾಗ ಅವನ ಹೆಸರಿನ ಮುಂದೆ ‘ಹೋಳಿಗೆ’ ಎಂದು ದುಂಡಗೆ ಬರೆದು ಅಡಿಗೆರೆಯನ್ನೂ ಎಳೆಯುತ್ತಿದ್ದೆ.

ಈಚೆಗೆ ಮೆಣಸೆಯಲ್ಲಿ ಒಂದು ಉಪನಯನವಿತ್ತು. ಹಿಂದಿನ ದಿನ ಅವನು ಫೋನು ಮಾಡಿದ.

“ಮಾಣಿ, ಮೆಣಸೆಗೆ ಬತ್ತೆ. ಅದಾದ ಮೇಲೆ ನನ್ನ ಕರಿಬೇಡ. ಒಂದು ಹೋಳಿಗೆಗೋಸ್ಕರ ಒಬ್ಬನ್ನ ಜೀಪಲ್ಲಿ ಹೇರಿಕೊಂಡು ತಿರುಗೂದು ಎಂತ ಚಂದ?”

ನಾನು ಏನೋ ಸಮಾಧಾನ ಹೇಳಿದೆ. ಗಣಪಣ್ಣನಿಲ್ಲದ ಅಡುಗೆಮನೆಯಲ್ಲಿ ನಾನು ಒಂದು ದಿನವೂ ನಿಂತವನಲ್ಲ. ಅವನನ್ನು ಉಳಿಸಿಕೊಳ್ಳುವ ಉಪಾಯವೂ ಹೊಳೆಯಲಿಲ್ಲ, ಏಕೆಂದರೆ ಭುಜ ಹೇಳಿದ ಮಾತಿಗೆ ಎದುರುತ್ತರ ಕೊಡುವುದು ಸುಲಭವಲ್ಲ.

ಮೆಣಸೆಯಲ್ಲಿ ಬೆಳಿಗ್ಗೆ ನಾಲ್ಕು ಒಲೆಗಳೂ ಹೊತ್ತಿಕೊಂಡಿದ್ದವು. ಬೇಳೆ ಬೇಯುತ್ತಿತ್ತು. ಅಂಗಳದಲ್ಲಿ ಸಾಹೇಬರು ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಕೂತು ಕಾಯುತ್ತಿದ್ದರು. ಒಂದು ಆಟಕ್ಕೆ ಕೂತೆ. ಮೊದಲ ಸುತ್ತು ನನ್ನದಾಯಿತು. ಎರಡನೆಯ ಸುತ್ತಿನಲ್ಲಿ ನನ್ನ ಸಾಲಿನಲ್ಲಿ ಆರು ಎಲೆಗಳಿದ್ದವು. ನಾಯಕನನ್ನು ಕರೆಯಲು ಬೆರಳು ಹೋಯಿತು, ಹಿಂದಕ್ಕೂ ಬಂತು. ಇರಲಿ, ಕೊನೆಗೆ ಬೇಕಾದೀತು. ಆ ಸುತ್ತು ಸೋತೆ. ಕೊನೆಯ ಸುತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಒಂದೇ ಎಲೆ. ನಾಯಕ ಬಂದು ಅದೊಂದನ್ನು ಎತ್ತಿದ, ನಾನು ಸೋತೆ.

“ಎಂತ ಭಟ್ರೇ,” ಎಂದರು ಸಾಹೇಬರು, ಪರದೆಯಿಂದ ಕಣ್ಣೆತ್ತದೆ. “ಸಾಲು ತುಂಬಿದಾಗ ಕರೀಬೇಕು ಮಾರಾಯ್ರೆ. ನೀವು ಅವನನ್ನ ಮೂಲೇಲಿ ಕೂರಿಸಿ ಪೂಜೆ ಮಾಡ್ತೀರಿ.”

ಸೋತವನ ಮುಖ ಹೊತ್ತು ಒಳಗೆ ಬಂದೆ. ಬರುವಾಗ ಕಂಡದ್ದು, ಮೂಲೆಯ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತ ಗಣಪಣ್ಣ. ಕಣ್ಣು ಮುಚ್ಚಿದ್ದ. ಅಷ್ಟು ದೂರದಿಂದಲೇ, ಯಾರನ್ನೂ ಉದ್ದೇಶಿಸದೆ, “ಸಾರಿಗೆ ಉಪ್ಪು ಬಿದ್ದಿಲ್ಲ” ಎಂದ.

ಇಲ್ಲೊಂದು ಮಾತು ನಿಮಗೆ ತಿಳಿದಿರಬೇಕು. ನೈವೇದ್ಯವಾಗುವ ತನಕ ಇಂಥ ಅಡುಗೆಯ ಒಂದು ಹನಿಯನ್ನೂ ನಾವು ನಾಲಿಗೆಗೆ ಸೋಕಿಸುವಂತಿಲ್ಲ. ನೂರಾರು ಜನರ ಸಾರನ್ನು ರುಚಿ ನೋಡದೆಯೇ ಇಳಿಸಬೇಕು. ಅಳತೆಯ ಮೇಲೆ, ಅಂದಾಜಿನ ಮೇಲೆ, ದೇವರ ಮೇಲೆ ಭಾರ ಹಾಕಿ ನಾವು ನಡೆಸುತ್ತೇವೆ. ಗಣಪಣ್ಣನಿಗೆ ಮಾತ್ರ ಅದು ಮೂಗಿನಲ್ಲಿ ತಿಳಿಯುತ್ತದೆ. ಉಪ್ಪು ಬಿದ್ದ ಸಾರಿನ ಹಬೆ ಬೇರೆ, ಬೀಳದ್ದರ ಹಬೆ ಬೇರೆ ಎಂದು ಅವನು ನನಗೆ ಬಾಲ್ಯದಲ್ಲೇ ಹೇಳಿದ್ದ. ನನಗದು ಒಲಿಯಲಿಲ್ಲ, ಹಾಗಾಗಿ ಮರೆತೂಬಿಟ್ಟಿದ್ದೆ. ಸಾರಿನವನ ಬಳಿ ಹೋಗಿ ನೋಡಿದರೆ, ಅಳೆದಿಟ್ಟ ಉಪ್ಪಿನ ಬಟ್ಟಲು ತುಂಬಿದಂತೆಯೇ ಇತ್ತು. ಅವನು ಮರೆತಿದ್ದ.

ಎರಡು ವರ್ಷ ನಾನು ಮಾಡಿದ್ದೇನು ಎಂಬುದು ಆ ಬಟ್ಟಲನ್ನು ನೋಡುತ್ತ ನಿಂತಾಗ ತಿಳಿಯಿತು. ಗಣಪಣ್ಣನೆಂದರೆ ಅವನ ಕೈ ಎಂದುಕೊಂಡು, ಆ ಕೈಗೊಂದು ಅಂಕಿ ಬರೆದು, ಆಟದ ಕೊನೆಗೆ ಇಟ್ಟಿದ್ದೆ. ಎಲ್ಲ ಒಲೆಗಳೂ ಉರಿಯುವ ಹೊತ್ತಿಗೆ ಅವನು ಮೂಲೆಯಲ್ಲಿ. ಅವನು ಏಳುವ ಹೊತ್ತಿಗೆ ಉಳಿದಿರುತ್ತಿದ್ದುದು ಒಂದು ಕಾವಲಿ. ಹೋಗಿ ಅವನನ್ನು ಎಬ್ಬಿಸಿದೆ. ಸ್ಟೂಲನ್ನು ತಂದು ನಾಲ್ಕು ಒಲೆಗಳ ನಡುವೆ ಇಟ್ಟೆ.

“ಇಲ್ಲಿ ಕೂತ್ಕೊ. ಕೈ ಎತ್ತಬೇಡ. ಹೋಳಿಗೆಯೂ ಬೇಡ.”

ಗಣಪಣ್ಣನಿಗೆ ಸಿಟ್ಟು ಬಂತು. “ಕೈ ಆಡದ ಅಡುಗೆಯವನು ಎಂತಕ್ಕೆ ಮಾಣಿ? ಇಷ್ಟು ಹೇಳುಕ್ಕೆ ಇಲ್ಲಿ ತನಕ ಕರ್ಸಿದ್ಯಾ? ಊಟಕ್ಕೆ ಬಂದವರ ಜೊತೆ ಕೂರಿಸು ಹಂಗಾರೆ.”

ಅವನ ಕೊನೆಯ ಹೋಳಿಗೆಯನ್ನೂ ನಾನು ಕಸಿದುಕೊಂಡೆನೆಂದು ಅವನು ತಿಳಿದಿದ್ದ. ಹುಳಿಯ ಕೊಪ್ಪರಿಗೆಯ ಮುಚ್ಚಳ ತೆಗೆದು, “ಇದಕ್ಕೆಂತ ಬೇಕು, ಹೇಳು” ಎಂದೆ. ಹಬೆ ಅವನ ಕಡೆಗೆ ಹೋಯಿತು. ಅವನು ಮೂಗು ಅರಳಿಸಿದ. ಆಮೇಲೆ, ಸಿಟ್ಟಿನಲ್ಲೇ, “ಬೆಲ್ಲ. ಒಂದು ಮುಷ್ಟಿ” ಎಂದ.

ಅಲ್ಲಿಂದ ಮುಂದೆ ಅವನು ಸುಮ್ಮನಾಗಲೇ ಇಲ್ಲ. ಪಲ್ಯದ ಉರಿ ತಗ್ಗಿಸಿ, ಪಾಯಸ ತಳ ಹಿಡಿಯುತ್ತದೆ, ಗೊಜ್ಜಿಗೆ ಹುಣಿಸೆ ಸಾಕು. ಅವನ ಬದಲು ಹೋಳಿಗೆಗೆ ಕೂತ ನಮ್ಮ ತಂಡದ ಸಾವಿತ್ರಕ್ಕನಿಗೆ, ಆಕೆಗೆ ಬೆನ್ನು ಹಾಕಿ ಕೂತಿದ್ದರೂ, “ಮಗುಚು ಮಗುಚು, ಸೀದು ಹೋಗ್ತು” ಎಂದು ಕೂಗುತ್ತಿದ್ದ. ಆಕೆ ಮಗುಚಿ ನೋಡಿದರೆ ಅಂಚು ಕೆಂಪಾಗುತ್ತಿರುತ್ತಿತ್ತು. ಹೋಳಿಗೆ ಅವನದರಷ್ಟು ತೆಳುವಾಗಲಿಲ್ಲ, ಎರಡು ಮೂರು ಹರಿದವು ಕೂಡ. ಆದರೆ ಸಾರಿನ ಬಕೆಟ್ಟು ಹಿಡಿದು ಹೋದವರು ಖಾಲಿ ಬಕೆಟ್ಟಿನೊಡನೆ ಓಡಿ ಬರುತ್ತಿದ್ದರು. ಕೊನೆಯ ಪಂಕ್ತಿ ಏಳುವ ಮುಂಚೆ ಮನೆಯ ಯಜಮಾನರು ಅಡುಗೆಮನೆಯ ಬಾಗಿಲಿಗೇ ಬಂದರು.

“ಇವತ್ತಿನ ಸಾರು ಯಾರದ್ದು?” ಎಂದು ಕೇಳಿದರು.

ಸಾರು ಮಾಡಿದವನೂ ಸೇರಿ ಎಲ್ಲರೂ ಸ್ಟೂಲಿನ ಕಡೆ ನೋಡಿದರು. ಗಣಪಣ್ಣ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಹೊಗೆ ಹೆಚ್ಚಾಗಿತ್ತು ಎಂದು ಆಮೇಲೆ ಹೇಳಿದ. ಜೀಪಿನಲ್ಲಿ ಮನೆಗೆ ಬಿಟ್ಟು ಬರುವ ತನಕ ಮತ್ತೆ ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ಮುಂದಿನ ಅಡುಗೆ ನರಸಿಂಹರಾಜಪುರದ ಕಡೆ, ಕಡಹಿನಬೈಲಿನಲ್ಲಿ. ಮೊನ್ನೆ ಚೀಟಿ ಬರೆಯಲು ಕೂತೆ. ಎಲ್ಲರ ಹೆಸರಿನ ಮುಂದೆಯೂ ಕೆಲಸ ಬರೆದಾಯಿತು. ಗಣಪಣ್ಣನ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟೆ. ಅವನಿಗೆ ಫೋನು ಮಾಡಲು ಮಾತ್ರ ಧೈರ್ಯ ಬರಲಿಲ್ಲ; ಕರೆಯಬೇಡ ಎಂದವನು ಅವನು, ಆ ಮಾತನ್ನು ಹಿಂದೆ ತೆಗೆದುಕೊಂಡವನೂ ಅಲ್ಲ. ಪೆನ್ನಿನ ಕ್ಯಾಪು ಹಾಕುತ್ತಿರುವಾಗ ಒಗ್ಗರಣೆ ಡಬ್ಬಿಯ ಪಕ್ಕದಿಂದ ಫೋನು ಹೊಡೆದುಕೊಂಡಿತು. ಎತ್ತಿ ಕಿವಿಗಿಟ್ಟೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮೂಗಿಗೆ ಇಂಗಿನ ವಾಸನೆ ಘಮ್ಮೆಂದು ಬಡಿಯಿತು.

“ಮಾಣಿ, ಕಡಹಿನಬೈಲಿಗೆ ಜೀಪು ಎಷ್ಟೊತ್ತಿಗೆ?” ಎಂದ ಗಣಪಣ್ಣ. “ನಿನ್ನ ಆ ಸ್ಟೂಲಿನ ಕಾಲು ಅಲ್ಲಾಡ್ತು. ನಂದೇ ಮಣೆ ತತ್ತೆ.”