ಸೂಟಿ ದಿನದ ಮಗ್ಗದ ಸಪ್ಪಳ

ಮುಂಜಾನೆದ್ದು ಕಿವಿಯಾಗ ಮಶೀನ ಇಟಗೊಂಡ್ರ ಅದು ಮೊದಲ ಕುಂಯ್ ಅಂತ ಒಂದು ಸೀಟಿ ಹೊಡಿತೈತಿ. ಮಗಳು ಕೊಡಿಸಿದ್ದು, ತುಟ್ಟಿದು, ಬೈಯಂಗಿಲ್ಲ. ಆದ್ರ ಆ ಸೀಟಿ ಕೇಳಿದಾಗೊಮ್ಮೆ ನನ್ನ ಎದಿ ಧಸಕ್ ಅಂತೈತಿ. ನಗಬ್ಯಾಡ್ರಿ. ಇಷ್ಟು ವಯಸ್ಸಾದಾಂವ ಒಂದು ಸೀಟಿಗೆ ಅಂಜತಾನೇನು ಅಂತೀರಿ. ನನಗೆ ಮುಪ್ಪು ಬಂದೈತಿ, ನನ್ನ ಅಂಜಿಕಿಗೆ ಇನ್ನೂ ಬಂದಿಲ್ಲ ನೋಡ್ರಿ.

ಮೊನ್ನೆ ಸಾಲಿ ಸೂಟಿಗೆ ಬಂದ ಮೊಮ್ಮಗಳು ಗಿಟಾರ ಹಿಡಕೊಂಡು ಪಡಸಾಲ್ಯಾಗ ಕುಂತಿದ್ಲು. ಆಕಿ ಹಾಡು ಕಲಿಯೂ ರೀತಿ ನೋಡಿ ನಾ ದಂಗಾದ್ನಿ. ಮೊಬೈಲಿನ್ಯಾಗ ಒಬ್ಬಾಂವ ಬಾರಸತಾನ. ಇಕಿ ಅವನ್ನ ನಿಲ್ಲಸತಾಳ, ಸಾವಕಾಶ ಮಾಡತಾಳ, ಹೊಳ್ಳಿ ಹಚ್ಚತಾಳ. ಅಂವ ಪಾಪ, ಬ್ಯಾಸರಿಲ್ಲದ ನೂರ ಸಲ ಬಾರಸತಾನ. ಶ್ರುತಿ ಮಾಡಾಕೂ ಮೊಬೈಲನ. ತಂತಿ ಮೀಟಿದ್ರ ಮುಳ್ಳು ಅಲಗಾಡತೈತಿ, ಬರೋಬ್ಬರಿ ಆದ್ರ ಹಸರ ದೀಪ ಹತ್ತತೈತಿ. ಕಿವಿಗೆ ಏನೂ ಕೆಲಸನ ಇಲ್ಲ.

ನಮಗೆ ಹಂಗಲ್ರಿ. ನಾವು ಕಲಿತದ್ದು ಎಪ್ಪತ್ತರ ದಶಕದಾಗ, ಇಚಲಕರಂಜ್ಯಾಗ. ನಮ್ಮದು ಸುಳಕೂಡದ ಕುರಿ ಸಾಕೂ ಮನಿತನ. ಕುರಿ ಹಿಂದ ತಿರಗಾಡಿ ಬ್ಯಾಸತ್ತು ನಾ ಮಗ್ಗದ ಶೆಡ್ಡಿಗೆ ಹೊಂಟಾಗ ನಮ್ಮಪ್ಪ, "ಕುರಿ ಬ್ಯಾ ಅಂದ್ರ ತ್ರಾಸ ಆಕ್ಕಿತ್ತೇನ ನಿನಗ? ಹೋಗು, ಅಲ್ಲಿ ಖಟಖಟ ಕೇಳಕೋತ ಕುಂದರ," ಅಂದಿದ್ದ. ಮೂರು ತಿಂಗಳ ಪಗಾರ ಕೂಡಿಸಿ ಕೊಲ್ಹಾಪುರದಾಗ ಒಂದು ಹಳೇ ಗಿಟಾರ ತಂದ್ನಿ. ಅಲ್ಲೇ ಒಬ್ಬ ಮಾಸ್ತರ ಹತ್ರ ಎರಡು ತಿಂಗಳು ಸೂಟಿಗೊಮ್ಮೆ ಹೋದ್ನಿ. ಅವರು ಎಲ್ಲಾ ಹಾಡು ಕಾಗದದ ಮ್ಯಾಲ ಬರದು ಕಲಸಾವರು, ಯಾವ ತಂತಿ, ಎಷ್ಟನೇ ಪಟ್ಟಿ ಅಂತ ಅಂಕಿ ಹಾಕಿ. "ಕಾನಾವರ್ ಜಾಊ ನಕೋಸ್, ಕಾಗದ್ ಬಘ್," ಅಂತ ಬೈತಿದ್ರು. ಕಿವಿ ನಂಬಬ್ಯಾಡ, ಕಾಗದ ನೋಡು ಅಂತ. ನನಗೆ ಸಿಟ್ಟು ಬಂತು. ನನ್ನ ಕಿವಿ ಅಂದ್ರ ಏನಂತ ತಿಳಿದಾರ ಇವರು! ಬಿಟ್ಟು ಬಂದ್ನಿ.

ಆಮ್ಯಾಲ ನನ್ನ ಸಾಲಿ ಅಂದ್ರ ಚಹಾದ ಹೋಟೆಲ್ಲಿನ ರೇಡಿಯೋ. ಜೋಡಿಗೆ ಭೂಪಾಲ. ಅಂವ ದಾನೋಳಿಯ ಜೈನ ರೈತರ ಮಗ, ಇಚಲಕರಂಜ್ಯಾಗ ಮಾವನ ನೂಲಿನ ಅಂಗಡ್ಯಾಗ ಇದ್ದ. ನಮ್ಮ ಸಣ್ಣ ಆರ್ಕೆಸ್ಟ್ರಾದಾಗ ಹಾರ್ಮೋನಿಯಂ ಪೇಟಿ ಬಾರಿಸಿ ಹಾಡತಿದ್ದ. ಹೊಸ ಹಾಡು ಬಂತಂದ್ರ ಮಾತು ಬರಕೊಳ್ಳೂದು ಅವನ ಪಾಲು, ನಡುವಿನ ಗಿಟಾರಿನ ಪೀಸು ಹಿಡಿಯೂದು ನನ್ನ ಪಾಲು. ಹಾಡು ಮುಗಿದದ್ದ ತಡ, ಪೀಸನ್ನ ಬಾಯಾಗ ಗುನುಗಕೋತ ಸೈಕಲ್ ಹೊಡಕೊಂಡು ಖೋಲಿಗೆ ಓಡತಿದ್ನಿ. ದಾರ್ಯಾಗ ಯಾರರ "ಏನಪಾ, ಊಟ ಆತನ?" ಅಂದ್ರ ಮುಗೀತು, ಪೀಸು ಹೋತು. ಅದಕ್ಕ ಎದುರ ಬಂದವರಿಗೆ ಮಾರಿ ತಿರಿವಿ ಹೋಗತಿದ್ನಿ. ಸೊಕ್ಕಿನ ಮನಶ್ಯಾ ಅಂತ ಹೆಸರಾತು. ಅದೇನ ಪೂರಾ ಸುಳ್ಳಲ್ಲ ಬಿಡ್ರಿ.

ಯಾಕಂದ್ರ ನನ್ನ ದೊಡ್ಡ ಬಡಾಯಿ ಬ್ಯಾರೆನ ಇತ್ತು. ಶ್ರುತಿ ಮಾಡಾಕ ನನಗೆ ಪೇಟಿ ಬೇಕಾಗಿರಲಿಲ್ಲ. ಇಚಲಕರಂಜ್ಯಾಗ ಯಾವ ಓಣ್ಯಾಗ ಕುಂತ್ರೂ ಮಗ್ಗದ ಸಪ್ಪಳ ಇದ್ದದ್ದನ. ಆ ಖಟಖಟದ ಮ್ಯಾಲ ಒಂದು ಸಣ್ಣ ನಾದ ಎಡಬಿಡದ ನಿಂತಿರತಿತ್ತು. ನಾ ಅದನ್ನ ಹಿಡಕೊಂಡು ತಂತಿ ಬಿಗಿತಿದ್ನಿ. ಭೂಪಾಲ ಪೇಟಿ ಒತ್ತಿ ನೋಡಿದ್ರ ಬರೋಬ್ಬರಿ. "ಏನ ಕಿವಿಲೇ ನಿಂದು!" ಅಂತಿದ್ದ. "ಈ ಊರನ ನನ್ನ ತಂಬೂರಿ," ಅಂತ ನಾ ಮೀಸಿ ಮ್ಯಾಲ ಕೈ ಆಡಸ್ತಿದ್ನಿ. ಆಗಷ್ಟ ನನ್ನ ಲಗ್ನ ಆಗಿತ್ತು. ನಮ್ಮ ಮನ್ಯಾಕಿ ಅಕ್ಕಾತಾಯಿ ನಮ್ಮ ಶೆಡ್ಡಿನ್ಯಾಗನ ಲಾಳಿಗೆ ನೂಲು ಸುತ್ತೂ ಕಾಂಡಿ ಮಶೀನಿನ ಮ್ಯಾಲ ಇದ್ಲು. ಆಕಿ ಮುಂದೂ ಈ ಬಡಾಯಿ ಕೊಚ್ಚಿದ್ನಿ. ಆಕಿ ಒಂದು ನಮೂನಿ ನನ್ನ ಮಾರಿ ನೋಡಿ ಸುಮ್ಮನಾಗಿದ್ಲು. ನನ್ನ ಮೆಚ್ಚಿಕೊಂಡ್ಲು ಅಂತ ತಿಳದಿದ್ನಿ.

ವಾರದ ಸೂಟಿ ದಿನ ನಾ ಸುಳಕೂಡಕ್ಕ ಹೋಗಿಬಿಡತಿದ್ನಿ. ಒಂದು ಸಲ ಹೋಗಲಿಲ್ಲ. ಗಡಹಿಂಗ್ಲಜದ ಒಂದು ಲಗ್ನದಾಗ ನಮ್ಮ ಕಾರ್ಯಕ್ರಮ ಇತ್ತು, ಅದರ ತಯಾರಿ. ಹಾಡಹಗಲ, ಭೂಪಾಲನ ಖೋಲಿ. ಅಂವ ಚಹಾ ತರಾಕ ಹೋದಾಗ ನಾ ಆರೂ ತಂತಿ ಶ್ರುತಿ ಮಾಡಿ ಕುಂತಿದ್ನಿ. ಬಂದಾಂವ ಪೇಟಿ ಒತ್ತಿ ನೋಡಿದ, ಬರೋಬ್ಬರಿ ಇತ್ತು.

"ಯಾತರ ಮ್ಯಾಲ ಮಾಡಿದಿ?" ಅಂದ.

"ದಿನಾ ಯಾತರ ಮ್ಯಾಲ ಮಾಡತೇನಿ? ಮಗ್ಗದ ಮ್ಯಾಲ."

ಅಂವ ನಕ್ಕ. "ಯಾವ ಮಗ್ಗಲೇ? ಇವತ್ತ ಸೂಟಿ. ಕರೆಂಟನ ಇಲ್ಲ. ಊರಾಗ ಒಂದ ಮಗ್ಗ ನಡದಿಲ್ಲ."

ನಾನೂ ನಕ್ಕನಿ. ಚಾಷ್ಟಿ ಮಾಡಿದ್ನಿ ಅಂದ್ನಿ. ಆದ್ರ ಸಪ್ಪಳ ಇನ್ನೂ ಕೇಳಾಕತ್ತಿತ್ತು. ಬೀಡಿ ತರತೇನಿ ಅಂತ ಹೇಳಿ ಹೊರಗ ಬಂದ್ನಿ, ಬೀಡಿ ಸೇದೂ ಚಟ ನನಗಿಲ್ಲ. ಓಣಿ ಓಣಿ ತಿರಗಿದ್ನಿ. ಮುಚ್ಚಿದ ಶೆಡ್ಡುಗಳ ಬಾಗಲಕ್ಕ ಕಿವಿ ಹಚ್ಚಿ ನೋಡಿದ್ನಿ. ಎಲ್ಲಾ ಕಡೆ ಒಂದ ಸಮ ಅದ ನಾದ. ಹತ್ರ ಹೋದ್ರ ಹೆಚ್ಚಾಗವಲ್ದು, ದೂರ ಹೋದ್ರ ಕಮ್ಮಿ ಆಗವಲ್ದು. ಬೆರಳಿಂದ ಎರಡೂ ಕಿವಿ ಒತ್ತಿ ಮುಚ್ಚಿದ್ನಿ. ಅಯ್ಯ ಶಿವನ, ಆಗ ಅದು ಇನ್ನಷ್ಟ ದೊಡ್ಡದಾತು. ಸುಳಕೂಡದಾಗೂ ಇದನ್ನ ಕೇಳಿದ್ನಿ, ಕಬ್ಬಿನ್ಯಾಗಿನ ಹುಳ ಒದರತಾವ ಅಂತ ತಿಳದಿದ್ನಿ. ಅಲ್ಲಿ ಹುಳ ಇರಲಿಲ್ಲ, ಇಲ್ಲಿ ಮಗ್ಗ ಇರಲಿಲ್ಲ. ಅದು ನನ್ನ ತಲ್ಯಾಗ ಇತ್ತು.

ನಮ್ಮ ಶೆಡ್ಡಿನ್ಯಾಗ ಮಗ್ಗ ರಿಪೇರಿ ಮಾಡೂ ಒಬ್ಬ ಮುದುಕ ಇದ್ದ, ಪೂರಾ ಕಿವುಡ. "ಕಾಕಾ, ನೀರು ಕೊಡ್ರಿ" ಅಂದ್ರ "ಹೌದ್ರಿ, ಮಗಳ ಲಗ್ನ ಆತ್ರಿ" ಅಂತಿದ್ದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಗತಿದ್ರು, ನಾನೂ ಅವರಾಗ ಒಬ್ಬ. ಅವತ್ತಿನಿಂದ ಆ ಮುದುಕನ್ನ ಕಂಡ್ರ ನಾ ಮಗ್ಗದ ಹಿಂದ ಸರಿಯಾಕ ಹತ್ತಿದ್ನಿ. ದಿನಾ ಮುಂಜಾನೆ ಎದ್ದು ಗಡಿಯಾರ ಕಿವಿಗೆ ಹಿಡದು ಟಿಕ್ ಟಿಕ್ ಕೇಳತೈತೇನ ಅಂತ ನೋಡತಿದ್ನಿ. ಅಕ್ಕಾತಾಯಿಗೆ ಹೇಳಲಿಲ್ಲ. ಕಿವುಡಗ ಕೊಟ್ಟು ಕೆಟ್ಟಿವಿ ಅಂತ ಆಕಿ ತೌರಮನ್ಯಾವರು ಅಂದ್ರ? ಭೂಪಾಲಗ ಹೇಳಿದ್ರ ಆರ್ಕೆಸ್ಟ್ರಾ ಹೋತು. ಶೆಡ್ಡು ಬಿಡಬೇಕಂದ್ರ ಉಣ್ಣೂದೇನು?

ಗಡಹಿಂಗ್ಲಜದವರು ಒಂದು ಹೊಸ ಹಾಡು ಬೇಕ ಬೇಕು ಅಂದಿದ್ರು, ಮದಿಮಗಳಿಗೆ ಸೇರತೈತಂತ. ಹೋಟೆಲ್ಲಿನ್ಯಾಗ ಅದು ಬಂದಾಗ ನಾ ರೇಡಿಯೋಕ್ಕ ಮಾರಿ ಹಚ್ಚಿ ಕುಂತಿದ್ನಿ. ಪೀಸು ಚಾಲೂ ಆತು, ಮ್ಯಾಲ ಏರಿತು, ಏರಿದ ಕೂಡ್ಲೆ ಎಳಿ ಹರದಂಗ ಕಾಣದಾತು. ತಬಲಾ ಕೇಳತೈತಿ, ಗಿಟಾರ ಇಲ್ಲ. ಕೆಳಗ ಇಳಿದಾಗ ಹೊಳ್ಳಿ ಸಿಕ್ಕಿತು. ನಡುವಿನದು ಏನಿತ್ತು?

"ಹಿಡದಿ?" ಅಂದ ಭೂಪಾಲ.

"ಹಿಡದ್ನಿ," ಅಂದ್ನಿ.

ಮರುವಾರ ಬಸ್ ಹತ್ತಿ ಕೊಲ್ಹಾಪುರಕ್ಕ ಹೋಗಿ ಆ ಮಾಸ್ತರ ಮುಂದ ನಿಂತ್ನಿ. ಪೀಸು ಬರದು ಕೊಡ್ರಿ ಅಂತ ಕೇಳಿದ್ನಿ. ಅವರು ಚಷ್ಮಾ ಏರಿಸಿ, "ಕಾಯ್ ರೇ, ತುಝೇ ಕಾನ್ ಕುಠೇ ಗೇಲೇ?" ಅಂದ್ರು. ನಿನ್ನ ಕಿವಿ ಎಲ್ಲಿ ಹೋದವು? ಅವರು ಅಂದದ್ದು ನನ್ನ ಹಳೇ ಸೊಕ್ಕಿಗೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡ ಅಂತಾರಲ್ಲ, ಹಂಗ ನಾ ಕಿವಿ ಮುಟ್ಟಿಕೊಂಡ್ನಿ! ಅವರು ಮುಂದೇನೂ ಕೇಳಲಿಲ್ಲ. ರಿಕಾರ್ಡ ಹಚ್ಚಿ, ಅಂಕಿ ಬರದು ಕಾಗದ ಕೊಟ್ರು. ಅದನ್ನ ನಾ ಸಣ್ಣ ಹುಡುಗರು ಮಗ್ಗಿ ಬಾಯಿಪಾಠ ಮಾಡಿದಂಗ ಮಾಡಿದ್ನಿ. ಎರಡನೇ ತಂತಿ ಏಳು, ಒಂದನೇ ತಂತಿ ಎಂಟು, ಹನ್ನೊಂದು. ಏನ ಬಾರಸಾಕತ್ತೇನಿ ಅನ್ನೂದು ನನಗ ಪೂರಾ ಕೇಳತಿರಲಿಲ್ಲ.

ಲಗ್ನದ ಮಂಟಪದಾಗ ಅಕ್ಕಿಕಾಳು ಬಿದ್ದವು, ಪಂಗತಿ ಕುಂತವು, ನಾವು ಚಾಲೂ ಮಾಡಿದಿವಿ. ಹೊಸ ಹಾಡಿನ ಪಾಳಿ ಬಂತು. ಭೂಪಾಲಂದು ಅವತ್ತ ಗಂಟಲ ಕೆಟ್ಟಿತ್ತು. ಮಂದಿ ಕಡೆ ನಕ್ಕೋತನ ನನ್ನ ಕಡೆ ಬಗ್ಗಿ ಏನೋ ಅಂದ. ಲೌಡ್‌ಸ್ಪೀಕರಿನ ಕರ್ಣ್ಯಾ, ತಬಲಾ, ಮಂದಿ ಗದ್ದಲ, ಒಂದಕ್ಷರ ಕೇಳಲಿಲ್ಲ. ಆದ್ರ ಮಗ್ಗದ ಮಂದಿ ನಾವು, ಶೆಡ್ಡಿನ್ಯಾಗ ಮಾತು ಕೇಳೂದು ಕಣ್ಣಿಂದನ. ಅವನ ತುಟಿ ನೋಡಿದ್ನಿ. "ಕಾಳಿ ಒಂದು," ಅಂದಿದ್ದ. ನಾವು ಗಟ್ಟಿ ಮಾಡಿದ್ದು ಪೇಟಿಯ ಎರಡನೇ ಕರೇ ಮನಿಯಿಂದ, ಕಾಳಿ ಎರಡು. ಈಗ ಒಂದಕ್ಕ ಇಳದಿದ್ದ. ನಡುವ ಒಂದು ಬಿಳೇ ಮನಿ ಐತಿ, ಅಂದ್ರ ನನ್ನ ಎಲ್ಲಾ ಅಂಕಿಯಾಗ ಎರಡೆರಡು ಕಳೀಬೇಕು! ಖರೇನ ಒಂದು ಅಂದ್ನೋ, ನನಗ ಹಂಗ ಕಂಡಿತೋ? ಒಂದು ಅಂದಾಗ ತುಟಿ ಗುಂಡಗಾಗತಾವ, ಗುಂಡಗಾಗಿದ್ದವು. ಏಳು ಇದ್ದಲ್ಲಿ ಐದು, ಎಂಟು ಇದ್ದಲ್ಲಿ ಆರು ಅಂತ ಕಳಕೋತ ಬಾರಿಸಿದ್ನಿ. ಮ್ಯಾಲ ಹೋದಾಗ ಏನೂ ಕೇಳದ, ಭೂಪಾಲನ ಮಾರಿ ನೋಡಿದ್ನಿ, ಮುಂದ ಕುಂತವರ ಮಾರಿ ನೋಡಿದ್ನಿ. ಯಾರ ಹುಬ್ಬೂ ಗಂಟಾಗಲಿಲ್ಲ. ಮದಿಮಗಳು ನಗತಿದ್ಲು. ಆಮ್ಯಾಲ ಮಂದಿ ಚಪ್ಪಾಳಿ ಹೊಡದ್ರು.

ಹೊಳ್ಳಿ ಬರೂವಾಗ ಬಸ್ಸಿನ್ಯಾಗ ಭೂಪಾಲ ಅಂದ, "ಪೀಸು ಬರೋಬ್ಬರಿ ಇತ್ತು ಖರೇ. ಆದ್ರ ನೀ ಬಾರಿಸಿದಂಗ ಅನ್ನಸಲಿಲ್ಲಪಾ. ಏನಾಗೇತಿ ನಿನಗ?"

ಹೇಳಬೇಕಂತ ಬಾಯಿ ತೆರದಿದ್ನಿ. "ದಣದಿದ್ನಿ," ಅಂದ್ನಿ.

ಎಂಬತ್ತರ ಆಚೆ ಟೇಪ್ ರೆಕಾರ್ಡರ ಬಂತು. ಒಂದ ಪೀಸನ್ನ ಇಪ್ಪತ್ತು ಸಲ ಹೊಳ್ಳಿ ಹಚ್ಚಿ, ಗದ್ದ ಗಿಟಾರಿನ ಕಟ್ಟಿಗಿಗೆ ಒತ್ತಿ ಕಲಿತಿದ್ನಿ. ಹಂಗ ಮಾಡಿದ್ರ ಸ್ವರ ಎಲುವಿನ್ಯಾಗಿಂದ ಬರತೈತಿ. ಅಕ್ಕಾತಾಯಿ ನೋಡಿ, "ಏನ್ರಿ, ಹಲ್ಲು ಬ್ಯಾನಿ ಐತೇನ್ರಿ?" ಅಂದ್ಲು. ಹೂಂ ಅಂದ್ನಿ. ವಾರಗಟ್ಟಲೆ ಲವಂಗ ಅರದು ಕೊಟ್ಲು, ನಾ ಸುಮ್ನ ಹಲ್ಲಿಗೆ ಹಚಗೊಂಡು ಕುಂತ್ನಿ. ಕಡೀಗೆ ಅದೂ ಸಾಕಾಗದಾತು. ಬೆರಳಿಗೆ ಲಾಳಿ ಬಡದೈತಿ ಅಂತ ಸುಳ್ಳು ಹೇಳಿ ಗಿಟಾರ ಅಟ್ಟಕ್ಕ ಏರಿಸಿದ್ನಿ. ಭೂಪಾಲ ಈಗ ದಾನೋಳ್ಯಾಗ ಕಬ್ಬು ಬೆಳಿತಾನ. ಸಿಕ್ಕಾಗೊಮ್ಮೆ ನನ್ನ ಬೆರಳು ಹಿಡದು ನೋಡತಾನ.

ಮೊನ್ನೆ ಮೊಮ್ಮಗಳು ಹಸರ ದೀಪ ಹತ್ತಿಸಿ, "ಅಜ್ಜಾ, ಮೊಬೈಲ್ ಇಲ್ಲದಾಗ ನೀವು ಯಾತರ ಮ್ಯಾಲ ಶ್ರುತಿ ಮಾಡತಿದ್ರಿ?" ಅಂದ್ಲು. ಯಾಕೋ ಗೊತ್ತಿಲ್ಲ, ಹೇಳಿಬಿಟ್ನಿ. ಎಲ್ಲಾನೂ ಹೇಳಿದ್ನಿ, ಸೂಟಿ ದಿನ, ಗಡಹಿಂಗ್ಲಜ, ಲವಂಗ. ಅಕ್ಕಾತಾಯಿ ಅಲ್ಲೇ ಕುಂತು ಜ್ವಾಳ ಹಸನ ಮಾಡತಿದ್ಲು. ಆಕಿ ಕೈ ನಿಂತಿತು.

"ನಂದು ನಿಮ್ಮದಕಿಂತ ಎತ್ತರಕ್ಕ ಐತ್ರಿ," ಅಂದ್ಲು.

"ಏನು ಎತ್ತರಕ್ಕ?"

"ಸಪ್ಪಳ. ಕಾಂಡಿ ಮಶೀನಿನ ಮ್ಯಾಲ ಇದ್ದಾಗಿಂದ ಐತಿ. ಊರು ತಂಬೂರಿ ಅಂತ ನೀವು ಅಂದಾಗ, ನಿಮಗೂ ಐತೇನೋ ಅಂದ್ಕೊಂಡಿದ್ನಿ. ಕೇಳಾಕ ಅಂಜಿದ್ನಿ. ಹೇಳಿದ್ರ ಕೆಲಸ ಬಿಡಸತಿದ್ರಿ. ಆಗ ಒಬ್ಬರ ಪಗಾರದಾಗ ಹ್ಯಾಂಗ ಆಕ್ಕಿತ್ತು?"

ಅಷ್ಟು ವರ್ಷ ಒಂದ ಹಾಸಿಗ್ಯಾಗ ಇಬ್ಬರೂ ಅಂಜಿಕೋತ ಮಲಗಿದ್ದಿವಿ, ನಾ ನನ್ನೊಬ್ಬನ ಅಂಜಿಕಿ ಲೆಕ್ಕ ಮಾಡಿದ್ನಿ. ಮೊಮ್ಮಗಳ ಕೈಯಾಗಿನ ಗಿಟಾರ ಇಸಗೊಂಡ್ನಿ. ಸಣ್ಣ ತಂತಿ ಮೀಟಿ, "ಇಲ್ಲೇನ?" ಅಂದ್ನಿ.

ಆಕಿ ಕಣ್ಣು ಮುಚ್ಚಿ, "ಮ್ಯಾಲ," ಅಂದ್ಲು.

ಬೆರಳು ಸರಿಸಿದ್ನಿ. "ಇಲ್ಲಿ?"

"ಇನ್ನೂ ಮ್ಯಾಲ."

ಒಂದೊಂದ ಪಟ್ಟಿ ಏರಕೋತ ಹೋದ್ನಿ. ಕಿವಿಯಾಗಿನ ಮಶೀನೂ ಕೈ ಬಿಟ್ಟಿತು, ತಂತಿ ಅಲಗಾಡೂದು ಅಷ್ಟ ಕಾಣತಿತ್ತು. ಪಟ್ಟಿ ಎಲ್ಲಾ ಮುಗದು ಬೆರಳು ಗಿಟಾರಿನ ತೂತಿನ ಅಂಚಿಗೆ ಬಂತು. ಆಕಿ ತುಟಿ ನೋಡಿದ್ನಿ.

"ಇನ್ನೂ ಮ್ಯಾಲ ರೀ," ಅಂದ್ಲು.